ದೋನ್ ಲಿಬೋರಿಯೊ ಅವರ ಬೂಟು

ಪಲೆರ್ಮೊ, ನವೆಂಬರ್ 12, ಭಾನುವಾರ

ನಮ್ಮ ಗೊಂಬೆಯಾಟದ ಕಂಪನಿ ಕಟ್ಟಿದ ದೋನ್ ಲಿಬೋರಿಯೊ ಆಸ್ಪತ್ರೆಯಲ್ಲಿ ಕೊನೆಯುಸಿರಿನಲ್ಲಿದ್ದಾರೆ. ಆಟ ನಿಲ್ಲಿಸಬೇಡಿ, ಯಾರಿಗೂ ಹೇಳಬೇಡಿ ಎಂದು ಅವರದೇ ಆರ್ಡರ್. ಕಾಳಗದ ದೃಶ್ಯದ ಸದ್ದಿಗೆ ಮರದ ಬೂಟು ತೊಟ್ಟು ಪರದೆಯ ಹಿಂದೆ ನೆಲ ಕುಟ್ಟುವವರು ಯಾವಾಗಲೂ ಅವರೇ. ಇವತ್ತು ಅವರ ಬೂಟು ನನ್ನ ಕಾಲಿಗೆ ಬಂತು.

"ಹೆದರ್ಬೇಡ ಕಣೇ, ಕತ್ತಿ ನಾನ್ ನೋಡ್ಕೋತೀನಿ, ನೀನು ನೆಲ ಮುರಿ ಸಾಕು," ಅಂದಳು ಗೊಂಬೆ ಆಡಿಸುವ ನಿನ್ಫಾ. ಮುರಿಯುವ ಹಾಗೇ ಕುಟ್ಟಿದೆ. ಒಂದೇಟೂ ತಪ್ಪಲಿಲ್ಲ.

ವಾರವಾರವೂ ಮುಂದಿನ ಬೆಂಚಿನಲ್ಲಿ ಕೂರುವ ತೂರಿ ಅಜ್ಜ ಆಟ ಮುಗಿದ ಮೇಲೆ ಕೇಳಿದ, "ಎಲ್ಲಮ್ಮಾ ನಿಮ್ ಲಿಬೋರಿಯೊ?"

"ನೆಗಡಿ ಅಜ್ಜ, ಒಳಗೆ ಮಲಗಿದಾರೆ," ಅಂದಳು ನಿನ್ಫಾ, ನಗುನಗುತ್ತಲೇ.

ಅಜ್ಜ ನನ್ನ ಕಾಲಲ್ಲಿದ್ದ ಬೂಟು ನೋಡಿದ. ಮೆಲ್ಲಗೆ ಟೋಪಿ ತೆಗೆದ. "ಇವತ್ತೂ ಅವನೇ ಕುಟ್ದ ಹಾಗಿತ್ತು ಅಂತ ಅವನಿಗೆ ಹೇಳು ಮಗಳೇ," ಅಂದ ನನಗೆ.

ಬೆಳಿಗ್ಗೆ ಹೋಗಿ ಹೇಳುತ್ತೇನೆ. ಮಾತು ಬಂದರೆ ಖಂಡಿತ ಬಯ್ಯುತ್ತಾರೆ, ಕೊನೆಯಲ್ಲಿ ಅವಸರ ಮಾಡಿದೆ ಅಂತ. ಬಯ್ಯಲಿ, ನಾನು ಅಲ್ಲೇ ನಿಂತು ಪೂರ್ತಿ ಕೇಳಿಸಿಕೊಳ್ಳುತ್ತೇನೆ.