ನಿಧಾನದ ತೋಟಾ

ಕೊಯಮತ್ತೂರು
೧೫ ಜುಲೈ ೧೯೫೭, ಸೋಮವಾರ

ಪ್ರೀತಿಯ ಅಪ್ಪನಿಗೆ ಭಾಮಾಳ ನಮಸ್ಕಾರಗಳು.

ನಿಮ್ಮ ಮೊಣಕಾಲು ನೋವು ಹೇಗಿದೆ? ಅಹಮದಾಬಾದಿನ ಸಿಹಿ ಬೇಳೆಸಾರಿಗೆ ನಾಲಿಗೆ ಒಗ್ಗಿತೇ? ಹೊಸ ಮಗ್ಗಗಳ ಕೆಲಸ ಕಲಿಯಲು ಹೋದವರು ಇನ್ನಷ್ಟು ಇಳಿದುಹೋಗಿ ಬರುತ್ತೀರೆಂದು ಅಮ್ಮನಿಗೆ ಚಿಂತೆ. ಅವಳು ಚೆನ್ನಾಗಿದ್ದಾಳೆ. ದೊಡ್ಡಪ್ಪನೂ ನಿನ್ನೆ ಮಧ್ಯಾಹ್ನದವರೆಗೆ ಚೆನ್ನಾಗಿದ್ದರು.

ಇವತ್ತು ಬೆಳಿಗ್ಗೆ ನಿಮ್ಮ ಇಪ್ಪತ್ತೆರಡರ ರೈಫಲಿನ ಬೋಲ್ಟ್ ತೆಗೆದು, ಬಿಳಿ ಕಾಗದದ ಚೂರು ಹಿಡಿದು, ಕಿಟಕಿಯ ಬೆಳಕನ್ನು ಒಳಗೆ ಬಿಟ್ಟು ನೋಡಿದೆ. ಗುಂಡು-ಮದ್ದಿನ ತೋಟಾ ಕೂರುವ ಗೂಡಿನ ಅಂಚಿನಲ್ಲಿ ಮೊನ್ನೆಯವರೆಗೆ ಇಲ್ಲದ ಒಂದು ಹೊಳಪು. ಎಳ್ಳಿಗಿಂತಲೂ ಚಿಕ್ಕದು, ಬೆಂಕಿಕಡ್ಡಿಯ ತುದಿ ಅಲ್ಲಿಗೆ ಬಂದಾಗ ತಡೆಯಿತು. ನಮ್ಮ ಮನೆಯಲ್ಲಿ ಕನ್ನಡ ಮಾತಾಡುವವರು ಎಲ್ಲರೂ, ಓದುವವರು ನಾವಿಬ್ಬರೇ. ಆದ್ದರಿಂದ ಆ ಹೊಳಪು ಎಲ್ಲಿಂದ ಬಂತೆಂದು ಧೈರ್ಯವಾಗಿ ಬರೆಯುತ್ತೇನೆ.

ನಿನ್ನೆ ಉಡುಮಲೈಪೇಟೆಯಿಂದ ನನ್ನನ್ನು ನೋಡಲು ಬಂದಿದ್ದರು. ಹತ್ತಿ ಜಿನ್ನಿಂಗ್ ಮಿಲ್ಲು ನಡೆಸುವ ಮನೆಯವರು. ಹುಡುಗನ ಹೆಸರು ರಾಜೇಂದ್ರನ್. ನಾಡಿದ್ದಿನಿಂದ ಆಡಿ ತಿಂಗಳು, ಅದರಲ್ಲಿ ಶುಭಕಾರ್ಯ ಕೂಡದೆಂದು ದೊಡ್ಡಪ್ಪನಿಗೆ ಅವಸರ. ಇದೆಲ್ಲ ನಿಮಗೆ ಗೊತ್ತು. ನಿಮಗೆ ಗೊತ್ತಿದೆಯೋ ಇಲ್ಲವೋ ನಾನರಿಯದ ಸಂಗತಿಯೆಂದರೆ, ಹುಡುಗನಿಗೆ ಬೇಟೆಯ ಹುಚ್ಚು ಎಂದು ಕೇಳಿ ದೊಡ್ಡಪ್ಪ ಮದುವೆಯ ಸೀರಿನ ಉಡುಗೊರೆಗಳ ಜೊತೆಗೆ ರೈಫಲನ್ನೂ ಕೊಡುವುದಾಗಿ ಮಾತು ಕೊಟ್ಟಿದ್ದಾರೆ. ಪಾತ್ರೆ, ಹಾಸಿಗೆ, ರೈಫಲು, ನಾನು.

ಅತಿಥಿಗಳ ಮುಂದೆ ಮಿರುಗಲೆಂದು ದೊಡ್ಡಪ್ಪ ಅದನ್ನು ಬೀರುವಿನಿಂದ ತೆಗೆದು ಕೊಬ್ಬರಿ ಎಣ್ಣೆಯಲ್ಲಿ ಮೀಯಿಸಿದ್ದರು. ಬಂದೂಕೇನು ತಲೆಗೂದಲೇ ಅಪ್ಪಾ? ಸಾಲದ್ದಕ್ಕೆ ಕಬ್ಬಿಣದ ತಂತಿಗೆ ಬಟ್ಟೆ ಸುತ್ತಿ ನಳಿಗೆಯ ಬಾಯಿಯ ಕಡೆಯಿಂದ ತುರುಕಿದ್ದರು. ಗುಂಡು ಕೊನೆಯದಾಗಿ ಬಿಟ್ಟು ಹೊರಡುವ ಆ ಬಾಯಿಗೆ ಒಂದು ಗೀರು ಬಿದ್ದರೂ ಗುರಿ ಕೆಟ್ಟಿತು, ಯಾವಾಗಲೂ ಹಿಂದಿನಿಂದ ಒರೆಸು ಎಂದು ನೀವು ನನಗೆ ಎಷ್ಟು ಸಲ ಹೇಳಿದ್ದೀರಿ! ನಿಮ್ಮ ಅಣ್ಣನಿಗೆ ಒಮ್ಮೆಯೂ ಹೇಳಲಿಲ್ಲವೇ?

ನಾನು ಕಾಫಿಯ ತಟ್ಟೆ ಹಿಡಿದು ಹಜಾರಕ್ಕೆ ಬಂದಾಗ ರಾಜೇಂದ್ರನ್ ರೈಫಲನ್ನು ಭುಜಕ್ಕೇರಿಸಿ ಕಿಟಕಿಯಾಚೆಯ ಕಾಗೆಗೆ ಗುರಿಯಿಟ್ಟಿದ್ದರು. ತೋಟಾ ಇರಲಿಲ್ಲ. ಟಕ್ಕೆಂದು ಕುದುರೆ ಎಳೆದರು. ಮತ್ತೆ ಬೋಲ್ಟ್ ಎಳೆದು, ಮತ್ತೆ ಟಕ್. ಪ್ರತಿ ಟಕ್ಕಿಗೂ ನನ್ನ ಹಲ್ಲು ಜುಮ್ಮೆಂದಿತು. ಈ ಜಾತಿಯ ತೋಟಾದ ಮದ್ದು ಹೊತ್ತುವುದು ಅದರ ಬುಡದ ಅಂಚಿನಲ್ಲಿ. ತೋಟಾ ಇಲ್ಲದೆ ಕುದುರೆ ಎಳೆದರೆ ತೋಟಾ ಸಿಡಿಸುವ ಮೊಳೆ ಹೋಗಿ ಗೂಡಿನ ಅಂಚಿನ ಬರಿಯ ಉಕ್ಕಿಗೆ ಬಡಿಯುತ್ತದೆ. ಕಾಲೇಜಿನ ಮೂರು ವರ್ಷ ತರಗತಿಯಲ್ಲಿ ಒಂದು ಪ್ರಶ್ನೆಯನ್ನೂ ಕೇಳದ ನಿಮ್ಮ ಮಗಳು, ನೆಲ ನೋಡಿಕೊಂಡೇ, “ಖಾಲಿ ಹೊಡೀಬೇಡಿ. ಅಂಚು ಕೆಡ್ತದೆ” ಎಂದಳು.

“ಏಯ್ ಅಮ್ಮಣಿ, ಒಳಗೆ ಹೋಗು” ಎಂದರು ದೊಡ್ಡಪ್ಪ. ಹುಡುಗನ ಅಪ್ಪ ಮಾತ್ರ ಹೊಟ್ಟೆ ಕುಣಿಸಿ ನಕ್ಕು, “ಇರಲಿ ಬಿಡಿ. ಈ ಅಮ್ಮಣಿ ಅಡುಗೆಮನೆಗೆ ಬರ್ತಾಳೋ, ಸೈನ್ಯದ ಪಟ್ಟಾಳಕ್ಕೆ ಹೋಗ್ತಾಳೋ, ಅದ್ನ ಮೊದಲು ಹೇಳಿ” ಎಂದರು. ಎಲ್ಲರೂ ನಕ್ಕರು. ರಾಜೇಂದ್ರನ್ ನನ್ನ ಕಡೆ ನೋಡಿ ಇನ್ನೊಮ್ಮೆ ಟಕ್ಕೆನಿಸಿದರು. ಆಮೇಲೆ ಬೀರುವಿನಲ್ಲಿದ್ದ ನನ್ನ ತೋಟಾ ಡಬ್ಬಿ ತೆಗೆದು ಓದಿ, “ಇದ್ಯಾಕೆ ಈ ನಿಧಾನದ ಸರಕು? ನಾನು ಹೈ ವೆಲಾಸಿಟಿ ಬಿಟ್ಟು ಬೇರೆ ಮುಟ್ಟಲ್ಲ. ವೇಗ ಇದ್ದರೆ ಗಾಳಿ ಏನ್ ಮಾಡ್ತದೆ?” ಎಂದರು.

ಅವರಿಗೆ ನಾನು ಉತ್ತರ ಕೊಡಲಿಲ್ಲ. ನಿಮಗೆ ಕೊಡುತ್ತೇನೆ, ಏಕೆಂದರೆ ನೀವೂ ಅದೇ ಮಾತು ಹೇಳುತ್ತಿದ್ದಿರಿ. ಪಲ್ಲಡಂ ರಸ್ತೆಯ ಕಲ್ಲುಕ್ವಾರಿಯಲ್ಲಿ ನಮ್ಮ ಕ್ಲಬ್ಬಿನವರು ಗುರಿ ಹೊಡೆಯುವ ಜಾಗ ನಿಮಗೆ ಗೊತ್ತಲ್ಲ. ಈ ತಿಂಗಳು ಪಾಲಕ್ಕಾಡಿನ ಕಣಿವೆಯಿಂದ ಬೀಸುವ ಗಾಳಿಗೆ ಅಲ್ಲಿ ಕೊಡೆಯೂ ನಿಲ್ಲುವುದಿಲ್ಲ. ನೀವು ಬಿಟ್ಟುಹೋದ ವೇಗದ ತೋಟಾ ಒಂದು ಕಾಗದಕ್ಕೆ, ನಾನು ಆರಿಸಿಕೊಂಡ ನಿಧಾನದ ತೋಟಾ ಇನ್ನೊಂದಕ್ಕೆ, ಒಂದೇ ಬೆಳಿಗ್ಗೆ, ಐವತ್ತು ಗಜಕ್ಕೆ ಹೊಡೆದೆ. ಎರಡು ಕಾಗದಗಳನ್ನೂ ಈ ಲಕೋಟೆಯಲ್ಲಿಟ್ಟಿದ್ದೇನೆ. ಮೊದಲನೆಯದರ ತೂತುಗಳು ಕಾಳು ಚೆಲ್ಲಿದಂತೆ ಪಕ್ಕಕ್ಕೆ ಓಡಿವೆ. ಎರಡನೆಯದರ ಐದನ್ನೂ ಹಳೆಯ ಎರಡಾಣೆ ಬಿಲ್ಲೆಯಿಂದ ಮುಚ್ಚಬಹುದು. ಒಂದೇ ಸಲ ನಂಬಬಾರದೆಂದು ಮತ್ತೆರಡು ಬೆಳಿಗ್ಗೆ ಹೊಡೆದು ನೋಡಿದೆ, ಅದೇ ಕಥೆ. ಏಕೆ ಹಾಗೆಂದು ವಿವರಿಸುವಷ್ಟು ವಿಜ್ಞಾನ ನಾನು ಓದಿಲ್ಲ. ಕಾಗದದ ಮೇಲಿದ್ದುದನ್ನು ಓದಿದೆ, ಅಷ್ಟೆ. ಪ್ರತಿ ರೈಫಲಿಗೂ ಅದರದೇ ರುಚಿಯಿರುತ್ತದೆ, ಬೇರೆಯವರ ಮಾತು ಕೇಳಿ ತೋಟಾ ಕೊಳ್ಳಬಾರದು. ನಿಮ್ಮ ಮಾತನ್ನೂ.

ಮರುಗಿ ಬರೆಯುತ್ತಿಲ್ಲ, ಅಪ್ಪಾ. ಕೋಪ ಬಂದೇ ಬರೆಯುತ್ತಿದ್ದೇನೆ. ಗಂಡಿನ ಕಡೆಯವರು ಒಪ್ಪಿಗೆ ಹೇಳಿ ಕಳಿಸಿದ್ದಾರೆ: ಹುಡುಗಿ ಕ್ವಾರಿಗೆ ಹೋಗುವುದು ಇವತ್ತಿಗೇ ನಿಲ್ಲಬೇಕು, ರೈಫಲು ಮದುವೆಗೆ ಮುಂಚೆಯೇ ಬರಬೇಕು. “ಅಣ್ಣನ ಮಾತಿಗೆ ಎದುರಾಡಬೇಡ” ಎಂದು ನೀವು ಹೋದ ವಾರ ಬರೆದಿರಿ. ಲೈಸೆನ್ಸಿನಲ್ಲಿ ನಿಮ್ಮ ಹೆಸರಿನ ಕೆಳಗೆ ನನ್ನ ಹೆಸರನ್ನು ಬರೆಸಿದ ದಿನ ನೀವು ಯಾರ ಮಾತು ಕೇಳಿದ್ದಿರಿ? ಅಂದು ಇಡೀ ಬೀದಿ ನಕ್ಕಿತು. ನೀವು ಲಕ್ಷ್ಯ ಮಾಡಲಿಲ್ಲ.

ನಿನ್ನೆ ಎಲ್ಲರೂ ಹೋದ ಮೇಲೆ ನಾನು ಕೊಬ್ಬರಿ ಎಣ್ಣೆ ಒರೆಸುತ್ತಾ ಕೂತಿದ್ದಾಗ ಅಮ್ಮ ಬಂದು, ನಿಮ್ಮ ಹಳೆಯ ಮಲ್ ಪಂಚೆಯನ್ನು ಪರ್ರನೆ ಹರಿದು, ಚೂರು ಚೂರು ಮಾಡಿ ನನ್ನ ಮಡಿಲಿಗೆ ಹಾಕಿದಳು. ಪಂಚೆ ಇನ್ನೂ ಉಡುವಂತೆಯೇ ಇತ್ತು.

ಮಳೆಗಾಲದ ನೀರು ಕಾಯಿಸದೆ ಕುಡಿಯಬೇಡಿ. ನಿಮ್ಮ ಕಾಲುನೋವು ಬೇಗ ಇಳಿಯಲಿ ಎಂದು ದಿನವೂ ಬೇಡಿಕೊಳ್ಳುತ್ತೇನೆ. ಎಷ್ಟೇ ಸಿಟ್ಟಿದ್ದರೂ ನಿಮ್ಮ ಪಾದಕ್ಕೆ ನಮಸ್ಕಾರ.

ನಿಮ್ಮ ಮಗಳು
ಭಾಮಾ

ಅಂಚೆಯ ಹೊತ್ತಾಯಿತು, ಮುಖ್ಯವಾದದ್ದನ್ನೇ ಬರೆದಿಲ್ಲ: ರೈಫಲು ಈಗ ಬೀರುವಿನಲ್ಲಿಲ್ಲ. ಹತ್ತು ಗಂಟೆಗೆ ನಾನೇ ಕೊಂಡುಹೋಗಿ ಕ್ಲಬ್ಬಿನ ಕಾರ್ಯದರ್ಶಿ ಸೋಮಸುಂದರಂ ಅವರ ವಶಕ್ಕೆ ನನ್ನ ಹೆಸರಿನಲ್ಲಿ ಕೊಟ್ಟುಬಂದೆ. ಅಂಚಿನ ಪೆಟ್ಟು ಆಳವಾಗಿಲ್ಲ, ಮಟ್ಟ ಮಾಡಿಸಬಹುದು ಎಂದರು. ನಾಳೆ ತಾಂಬೂಲದ ತಟ್ಟೆ ಬಂದಾಗ ಹಜಾರದಲ್ಲಿ ನಿಂತು, ನನಗೆ ಈ ಸಂಬಂಧ ಬೇಡ ಎಂದು ನಾನೇ ಹೇಳುತ್ತೇನೆ. ಈ ಕಾಗದ ನಿಮಗೆ ತಲಪುವಷ್ಟರಲ್ಲಿ ಹೇಳಿಯಾಗಿರುತ್ತದೆ. ಭಾನುವಾರ ಮದರಾಸಿನಲ್ಲಿ ಗುರಿ ಹೊಡೆಯುವ ಪಂದ್ಯ. ಸೋಮಸುಂದರಂ ಅವರೂ ಅವರ ಹೆಂಡತಿ ಕಣ್ಣಮ್ಮನವರೂ ಜೊತೆಗಿರುತ್ತಾರೆ. ಶನಿವಾರದ ರೈಲಿಗೆ ಟಿಕೆಟ್ ತೆಗೆದಿದ್ದೇನೆ.