ಬಲೆಯಿಲ್ಲದ ನಲವತ್ತು ಟ್ಯಾಂಕು

ಗುರುವಾರ, ನವೆಂಬರ್ 20

ಬಲೆ ಯಾಕೆ ಬೇಡವೆಂದರು? ಬೆಳಿಗ್ಗೆಯಿಂದ ಇದೊಂದೇ ತಲೆ ತಿನ್ನುತ್ತಿದೆ.

ತಳೇಗಾಂವದ ನಮ್ಮ ಕಾರ್ಖಾನೆಯಲ್ಲಿ ಸೈನ್ಯಕ್ಕೆ ಹುಸಿ ಟ್ಯಾಂಕು ಹೊಲಿಯುತ್ತ ಆರು ವರ್ಷವಾಯಿತು. ಬರೀ ಬಟ್ಟೆ, ಗಾಳಿ ತುಂಬಿದರೆ ಎದ್ದು ನಿಲ್ಲುತ್ತದೆ. ಪ್ರತಿಯೊಂದಕ್ಕೂ ಮೇಲೆ ಹೊದಿಸಲು ಹಸಿರು ಬಲೆ ಕಟ್ಟಿಯೇ ಕಳಿಸುತ್ತೇವೆ. ಈ ಸಲದ ನಲವತ್ತಕ್ಕೆ ಒಂದೂ ಬಲೆಯಿಲ್ಲ. ಮುಚ್ಚಿಡುವುದಿಲ್ಲ ಎಂದರೆ ತೋರಿಸಲಿಕ್ಕೇ ಇರಬೇಕು.

ಮ್ಯಾನೇಜರ್ ಸಿದ್ರಾಮಪ್ಪನವರನ್ನು ಕೇಳಿದೆ. "ಗಡಿಯಾಗ ಸಾಲಾಗಿ ನಿಲ್ಲಸ್ತಾರಂತ್ರಿ, ಸುಮಂಗಲಾ ಅವ್ರ. ಆಚೀ ಕಡಿಯವ್ರು ನೋಡಿ ಹೆದರಲಿ ಅಂತ. ಹೆದರಿದ್ರ ಲಡಾಯಿನ ಆಗೂದಿಲ್ಲ, ಚಲೋ ಆತಲ್ರಿ?" ಎಂದರು, ನನ್ನ ಮುಖ ನೋಡದೆ.

ನನಗೆ ನಂಬಿಕೆಯಿಲ್ಲ. ಹೆದರಿದವನು ಹಿಂದೆಯೇ ಸರಿಯುತ್ತಾನೆಂದು ಯಾರು ಹೇಳಿದರು? ಅವನು ಗುಂಡು ಹಾರಿಸಿದರೆ, ಮೊದಲು ಹೊಡೆದವನು ಅವನೇ ಎಂದು ಜಗತ್ತಿಗೆಲ್ಲ ಸಾರುತ್ತೇವೆ. ಇವರಿಗೆ ಬೇಕಾಗಿರುವುದೂ ಅದೇ ಏನೋ.

ಸಂಜೆ ಗಡಿಯಿಂದ ತಮ್ಮ ಮಾಂತು ಫೋನ್ ಮಾಡಿದ್ದ. ಮುಂದಿನ ವಾರದಿಂದ ಹೊಸ ಡ್ಯೂಟಿಯಂತೆ. "ಭಾಳ ಹಗರ ಕೆಲಸ ಅದ ಅಕ್ಕಾ. ಬಟ್ಟಿ ಟ್ಯಾಂಕಿನ ಬಾಜೂಕ ನಿಂತು ಚಹಾ ಕುಡಿಯೂದು, ಅಷ್ಟ. ಮಂದಿ ಕಂಡ್ರನ ಅವ್ರಿಗೆ ಖರೇ ಅನಸ್ತದಂತ," ಎಂದು ನಕ್ಕ.

ಮಧ್ಯಾಹ್ನವಷ್ಟೇ ಒಂದು ತೋಪಿನ ನಳಿಗೆ ಜೋತುಬಿದ್ದಿದೆ ಎಂದು ರುದ್ರವ್ವನನ್ನು ಬೈದು, ಹೊಲಿಗೆ ಬಿಚ್ಚಿಸಿ ಮತ್ತೆ ಹೊಲಿಸಿದ್ದೆ. ದೂರದಿಂದ ನೋಡಿದವರಿಗೆ ಹುಸಿ ಎಂದು ಚೂರೂ ಅನುಮಾನ ಬರಬಾರದು ಎಂದು ಹೇಳಿದವಳು ನಾನೇ.