ಬೀರಪ್ಪನ ಬುಟ್ಟಿ

ಕೊಣ್ಣೂರ, ಮಿಶನ್ ಹೊಲದ ಮನೆ
ಜೂನ್ 14, 1936

ಚಿರಂಜೀವಿ ಎಲೀಯನಿಗೆ,

ಕರ್ತನ ಕೃಪೆ ನಿನ್ನ ತಲೆಯ ಮೇಲಿರಲಿ. ನಾನು ಇಲ್ಲಿ ಕ್ಷೇಮ. ಹುಕ್ಕೇರಿಯಲ್ಲಿ ಉಪದೇಶದ ಕೆಲಸದ ನಡುವೆ ನೀನೂ ಹೊತ್ತಿಗೆ ಸರಿಯಾಗಿ ಉಂಡು ಸುಖವಾಗಿದ್ದೀಯೆಂದು ನಂಬಿದ್ದೇನೆ. ಕಾಗದ ತಡವಾಯಿತು, ಮುನಿಯಬೇಡ. ಮಳೆಗೆ ಮುಂಚೆ ಹಂಚು ತೆಗೆದು ಹೊದಿಸುವಾಗ ಬೆರಳು ಜಜ್ಜಿಕೊಂಡೆ. ಲೇಖನಿ ಹಿಡಿಯಲು ಆಗುತ್ತಿರಲಿಲ್ಲ, ರೊಟ್ಟಿ ಬಡಿಯುವುದಂತೂ ದೂರವೇ ಉಳಿಯಿತು.

ಕೆಂಪು ಆಕಳು ಗಬ್ಬವಾಗಿದೆ. ನೀನು ಕಳಿಸಿದ ಹೊಸ ಕೀರ್ತನೆಗಳನ್ನು ಭಾನುವಾರ ಹಾಡಿದೆವು. ರಾಗ ಯಾರಿಗೂ ಹತ್ತಲಿಲ್ಲ. ಕಾವಲುಗಾರ ವೀರಪ್ಪನ ದನಿಯೊಂದು ಎಲ್ಲರನ್ನೂ ಮೀರಿ ಬದುವಿನಾಚೆ ಹೋಯಿತು.

ಈಗ ಹೇಳಬೇಕಾದದ್ದನ್ನು ಹೇಳುತ್ತೇನೆ. ನಿನ್ನ ಸೋದರಮಾವ ಮಾಯಪ್ಪ ಕುರಿ ಹೊಡೆದುಕೊಂಡು ಬಂದಿದ್ದಾನೆ. ಪ್ರತಿ ಮುಂಗಾರಿಗೂ ತನ್ನೂರು ಮಸಗುಪ್ಪಿಗೆ ಮರಳುವ ಮೊದಲು ನಮ್ಮ ಹೊಲದಲ್ಲಿ ಕುರಿ ತರುಬಿ ಮಲಗಿಸುತ್ತಾನಲ್ಲ, ಹಾಗೆಯೇ ಬಂದ. ಅವನ ಕುರಿಯ ಹಿಕ್ಕೆಯಿಂದ ಬೆಳೆದ ಜೋಳವನ್ನು ತಿಂದೇ ನೀನು ಇಷ್ಟೆತ್ತರ ಬೆಳೆದಿದ್ದೀಯ.

ನನ್ನ ಕಥೆ ನಿನಗೆ ಗೊತ್ತು, ಆದರೂ ಇನ್ನೊಮ್ಮೆ ಕೇಳು. ಪ್ಲೇಗಿನಲ್ಲಿ ಅಪ್ಪ ಅವ್ವ ಇಬ್ಬರೂ ಹೋದಾಗ ಮೀಸೆ ಮೂಡದ ಮಾಯಪ್ಪ ನನ್ನನ್ನು ಹೆಗಲ ಮೇಲೆ ಹೊತ್ತು ಮಿಶನ್ ಅನಾಥಾಲಯದ ಬಾಗಿಲಿಗೆ ತಂದ. ಅಲ್ಲಿ ಸತ್ತೆವ್ವ ಹೋಗಿ ಕರುಣವ್ವ ಆದೆ. ಅವನು ಬೇಡ ಅನ್ನಲಿಲ್ಲ. “ಹೊಟ್ಟಿ ತುಂಬ ಉಣ್ಣವಾ, ನಾಕ ಅಕ್ಷರ ಕಲಿ. ಯಾವ ದೇವ್ರು ಯಾವ ಹೆಸರಿಟ್ಟ ಕರದ್ರೂ ಓ ಅನ್ನು” ಎಂದು ಹೇಳಿ, ತಿರುಗಿ ನೋಡದೆ ಹೋದ. ಅಂದಿನಿಂದ ಒಂದು ವರ್ಷವೂ ಬರುವುದು ತಪ್ಪಿಸಿಲ್ಲ. ಹೋಗುವ ದಿನ ನಿನ್ನ ಅತ್ತೆ ಶೆಟ್ಟೆವ್ವ ನನ್ನ ಉಡಿ ತುಂಬುತ್ತಾಳೆ: ಜೋಳ, ಬೆಲ್ಲ, ಒಣಕೊಬ್ಬರಿ. ಅರಿಷಿಣ ಕುಂಕುಮ ಮಾತ್ರ ತಾನಾಗಿಯೇ ಬಿಡುತ್ತಾಳೆ. “ನಿಮ್ಮ ದೇವ್ರಿಗೆ ಸೇರಾಂಗಿಲ್ಲ, ನಿನಗ್ಯಾಕ ಫಜೀತಿ” ಎನ್ನುತ್ತಾಳೆ. ನಿನ್ನ ಅಪ್ಪ ತೀರಿದ ಮೇಲೂ ಉಡಿ ನಿಲ್ಲಲಿಲ್ಲ. ವಿಧವೆಗೆ ಉಡಿ ತುಂಬುವುದು ಅವರಲ್ಲಿ ಇಲ್ಲ. ನನಗಾಗಿ ತಮ್ಮ ರೀತಿಯನ್ನೇ ಮುರಿದರು. ನನಗೆ ತವರು ಅಂತ ಇರುವುದು ಅದೊಂದೇ.

ಕುರಿಗಾರರ ದೇವರು ಬೀರಪ್ಪನ ಬುಟ್ಟಿಯ ಮೇಲೆ ನಿನಗೆ ಸಿಟ್ಟು. ಊರೂರು ತಿರುಗುವ ಕುರಿಗಾರ ಗುಡಿ ಹೊತ್ತು ತಿರುಗಲಾದೀತೆ? ದೇವರನ್ನೇ ಬೆತ್ತದ ಬುಟ್ಟಿಯಲ್ಲಿಟ್ಟು ಕಂಬಳಿ ಸುತ್ತಿ ಹೊರುತ್ತಾನೆ. ಅದಕ್ಕೊಂದು ಹಿತ್ತಾಳೆ ಗಂಟೆ. ಮಾಯಪ್ಪ ಬುಟ್ಟಿ ಹೊತ್ತು ಮುಂದೆ ನಡೆದರೆ ಕುರಿಗಳು ಆ ಸದ್ದಿನ ಹಿಂದೆ ನಡೆಯುತ್ತವೆ, ಬುಟ್ಟಿ ಇಳಿಸಿದಲ್ಲಿ ಮಲಗುತ್ತವೆ. ನಿನ್ನ ಅಪ್ಪ ಉಪದೇಶಿಯಾಗಿದ್ದವರು, ಭಕ್ತಿಯಲ್ಲಿ ನಿನಗಿಂತ ಏನೂ ಕಡಿಮೆಯಿರಲಿಲ್ಲ. ಬುಟ್ಟಿಯನ್ನು ಬದುವಿನ ಹುಣಸೆಮರಕ್ಕೆ ತೂಗುಹಾಕಲು ಅವರೇ ಹೇಳಿದ್ದರು. “ಮರಾ ದೇವ್ರು ಬೆಳಸಿದ್ದು, ಮಿಶನ್ ಬೆಳಸಿದ್ದಲ್ಲ” ಎಂದು ನಗುತ್ತಿದ್ದರು.

ಅಪ್ಪನ ಜಾಗದಲ್ಲಿ ಮಿಶನ್ನಿನವರು ಹೊಲದ ಉಸ್ತುವಾರಿ ನಿನಗೆ ಕೊಟ್ಟರು. ಬೇಸಗೆಯಲ್ಲಿ ಬಂದು ನೀನು ಆ ಮರ ಕಡಿಸಿದೆ. ಹೊಸದರಲ್ಲಿ ಅಗಸ ಗೋಣಿ ಎತ್ತಿ ಎತ್ತಿ ಒಗೆದನಂತೆ, ದಿನ ಕಳೆದರೆ ತಣ್ಣಗಾಗುತ್ತಾನೆ ಎಂದು ನಾನು ಸುಮ್ಮನಿದ್ದೆ. ವೀರಪ್ಪನಿಗೆ ನೀನು ಕೊಟ್ಟು ಹೋದ ಅಪ್ಪಣೆ ನನಗೆ ತಿಳಿದದ್ದು ಮೊನ್ನೆ, ಅವನು ಮಾಯಪ್ಪನನ್ನು ತಡೆದಾಗ.

“ಸಿಟ್ಟಾಗಬ್ಯಾಡ್ರಿ ಅಣ್ಣಾರ, ಬುಟ್ಟಿ ರಸ್ತೆದಾಗ ಬಿಟ್ಟ ಒಳಗ ಬರ್ರಿ. ಸಣ್ಣ ಉಪದೇಶಿಗೋಳ ಹುಕುಂ ಐತ್ರಿ” ಎಂದ ವೀರಪ್ಪ, ನೆಲ ನೋಡುತ್ತಾ.

ಮಾಯಪ್ಪ ಹುಣಸೆಯ ಬೊಡ್ಡೆಯನ್ನು ಬಹಳ ಹೊತ್ತು ನೋಡಿದ. “ನಮ್ಮ ಯಲ್ಲಪ್ಪ ಹೇಳ್ಯಾನೇನ?” ಎಂದು ಕೇಳಿದ. ನಿನ್ನನ್ನು ಅವನು ಇಂದಿಗೂ ಯಲ್ಲಪ್ಪ ಎಂದೇ ಕರೆಯುತ್ತಾನೆ, ಎಲೀಯ ನಾಲಿಗೆಗೆ ಹೊರಳುವುದಿಲ್ಲವಂತೆ. ಹಿಂದಿನ ದಾರಿಯಿಂದ ಬಾ ಅಣ್ಣಾ ಎಂದು ನಾನು ಗೋಗರೆದೆ. “ಕದ್ದ ಬರಾಕ ನಾ ಏನ ಕುರಿಕಳ್ಳನೇನವಾ? ಅಳಿಯಾ ಬಾ ಅನ್ಲಿ, ಬರ್ತೇನಿ” ಎಂದ.

ಸುತ್ತಲಿನ ಹೊಲಗಳಲ್ಲಿ ಕಬ್ಬು ನಿಂತಿದೆ, ಉಳಿದವುಗಳಲ್ಲಿ ಬಿತ್ತನೆಯಾಗಿದೆ. ಕುರಿಗಳು ಮರಿ ಹಾಕುತ್ತಿವೆ. ಎಳೆ ಮರಿಗಳನ್ನು ಮಸಗುಪ್ಪಿಯವರೆಗೆ ನಡೆಸಲಾಗದು. ಅದಕ್ಕೆ ಧುಪದಾಳದ ಒಡ್ಡಿನ ಕೆಳಗೆ, ಹೊಳೆಯ ನಡುವಿನ ಮರಳುದಿಬ್ಬದಲ್ಲಿ ಇಳಿದಿದ್ದಾನೆ. ಅಲ್ಲಿ ಹುಲ್ಲಿದೆ, ಯಾರ ಹಂಗೂ ಇಲ್ಲ. ಆದರೆ ಘಟ್ಟದಲ್ಲಿ ಮಳೆ ಹಿಡಿದರೆ ಆ ದಿಬ್ಬ ಉಳಿಯುವುದಿಲ್ಲ, ಅದು ನಿನಗೂ ಗೊತ್ತು. ಬೇಸಗೆಯೆಲ್ಲ ಬಾಯಿ ಮುಚ್ಚಿಕೊಂಡಿದ್ದ ಗೋಕಾಕದ ಜಲಪಾತದ ಸದ್ದು ನಿನ್ನೆಯಿಂದ ಸಣ್ಣಗೆ ಕೇಳಿಸುತ್ತಿದೆ.

“ಮಾವಾ, ಬಾ” ಎಂದು ಒಂದು ಸಾಲು ಬರೆ ಮಗನೇ. ಅಷ್ಟು ಸಾಕು.

ನಿನ್ನ ತಾಯಿ,
ಕರುಣವ್ವ

*

ಕೊಣ್ಣೂರ
ಜೂನ್ 24, 1936

ಚಿರಂಜೀವಿ ಎಲೀಯನಿಗೆ ಆಶೀರ್ವಾದಗಳು.

ನಿನ್ನ ಕಾಗದ ಬಂತು. ನಾನು ಒಂದು ಸಾಲು ಕೇಳಿದರೆ ನೀನು ಮೂರು ಪುಟ ಬರೆದೆ. ಬೆಳಕಿಗೂ ಕತ್ತಲೆಗೂ ಏನು ಪಾಲು ಎಂದು ಕೇಳಿದ್ದೀಯ. ಕುರಿಗೆ ನಮ್ಮ ಬಾಗಿಲು ತೆರೆದಿದೆ, ಬುಟ್ಟಿಗೆ ಮಾತ್ರ ಇಲ್ಲ, ಮಾವನ ಮೇಲೆ ನನಗೇನೂ ದ್ವೇಷವಿಲ್ಲ, ಅವನ ಆತ್ಮದ ಮೇಲಿನ ಪ್ರೀತಿಯಿಂದಲೇ ಹೀಗೆ ಮಾಡುತ್ತಿದ್ದೇನೆ ಎಂದೆಲ್ಲ ಬರೆದಿದ್ದೀಯ. ನೀನು ಮನಸ್ಸಿನಿಂದಲೇ ಬರೆದಿದ್ದೀಯೆಂದು ನನಗೆ ಗೊತ್ತು. ನನಗೆ ಹೆದರಿಕೆಯಾದದ್ದೂ ಅದಕ್ಕೇ. ಕೆಟ್ಟ ಬುದ್ಧಿಯಿಂದ ಬರೆದಿದ್ದರೆ ಬೈದು ದಾರಿಗೆ ತರಬಹುದಿತ್ತು.

ನನಗೂ ಒಂದಿಷ್ಟು ವೇದವಾಕ್ಯ ಗೊತ್ತು. ಕರ್ತನು ಹುಟ್ಟಿದ ಸುದ್ದಿಯನ್ನು ದೂತರು ಮೊದಲು ಹೇಳಿದ್ದು ಬಯಲಿನಲ್ಲಿ ಕುರಿ ಕಾಯುತ್ತಿದ್ದವರಿಗೆ. ನಿಮ್ಮ ಹೆಗಲ ಮೇಲಿನ ಬುಟ್ಟಿಯಲ್ಲಿ ಏನಿದೆ, ಅದನ್ನು ರಸ್ತೆಯಲ್ಲಿಟ್ಟು ಬನ್ನಿ ಎಂದು ಆ ದೂತರು ಹೇಳಿದ್ದು ನಾನು ಎಲ್ಲೂ ಓದಿಲ್ಲ. ನಿಮ್ಮ ಉಪದೇಶಿಗಳ ಶಾಲೆಯಲ್ಲಿ ಕಲಿಸಿದ್ದರೆ ನನಗೂ ಬರೆ.

ನಿನ್ನ ಶರತ್ತನ್ನು ಮಾಯಪ್ಪನಿಗೆ ಓದಿ ಹೇಳಿದೆ. ಸಿಟ್ಟು ಮಾಡಲಿಲ್ಲ, ಮಾಡಿದ್ದರೆ ಚೆನ್ನಾಗಿತ್ತು. “ಅಂವಾ ದೇವ್ರ ಕೆಲಸಾ ಮಾಡಾಂವಾ, ಸತ್ತೆವ್ವಾ. ಅಂವಗೂ ಮ್ಯಾಲಿನವ್ರ ಅಂಜಿಕಿ ಇರ್ತೈತಿ. ನಾಕ ದಿನಾ ತಡಿ, ಅಂವಗ ತಿಳೀತೈತಿ” ಎಂದು ನನಗೇ ಸಮಾಧಾನ ಹೇಳಿದ.

ನಮ್ಮ ಬಾಜೂ ಹೊಲದ ಜೈನರ ಆಬಾಸಾಹೇಬರು ನಿನ್ನೆ ತಾವಾಗಿಯೇ ದಿಬ್ಬಕ್ಕೆ ಹೋಗಿದ್ದರು. ಅವರ ಹೊಲದ ತುಂಬ ಕಬ್ಬು, ದನದ ಕೊಟ್ಟಿಗೆಯೊಂದೇ ಖಾಲಿ. “ಎಳೆ ಮರಿ, ಬಾಣಂತಿ ಕುರಿ ನಮ್ಮಲ್ಲಿ ಇರ್ಲಿ. ಬುಟ್ಟಿನೂ ಇರ್ಲಿ. ಜೀವಕ್ಕ ಯಾವ ಜಾತಿರೀ?” ಎಂದು ಹೇಳಿ ಅಷ್ಟನ್ನು ಕರೆತಂದರು. ಮಿಕ್ಕ ಹಿಂಡು, ಮಾಯಪ್ಪ, ಶೆಟ್ಟೆವ್ವ, ಬುಟ್ಟಿ ಎಲ್ಲ ದಿಬ್ಬದ ಮೇಲೆಯೇ ಇವೆ. ಹಿಂಡು ಇದ್ದಲ್ಲೇ ಬುಟ್ಟಿ ಇರಬೇಕು ಎನ್ನುತ್ತಾನೆ. ನಮ್ಮ ಗೇಟಿನಲ್ಲಿ ನಿಂತು ಆಬಾಸಾಹೇಬರು ನನ್ನ ಮುಖ ನೋಡಿದರು. ನನಗೆ ನಾಚಿಕೆಯಾಯಿತು ಎಲೀಯ. ಬಡತನಕ್ಕೆ ನಾಚದವಳು ನಾನು, ನಿನ್ನೆ ನಾಚಿದೆ.

ಇಲ್ಲಿ ಹನಿ ಮಳೆಯಿಲ್ಲ, ಆಕಾಶ ತೊಳೆದಿಟ್ಟ ಹಾಗಿದೆ. ಆದರೆ ಪಡುವಣ ದಿಕ್ಕು ಕಪ್ಪಾಗಿ ಕೂತಿದೆ, ಸರಿಯುವುದೇ ಇಲ್ಲ. ಮಾಯಪ್ಪನ ನಾಯಿ ದಿಬ್ಬದ ಮೇಲೆ ಮಲಗಲು ಒಲ್ಲೆ ಎನ್ನುತ್ತಿದೆ. ಎಳೆದುಕೊಂಡು ಹೋದರೂ ಈಜಿ ಈಚೆ ದಂಡೆಗೆ ಬಂದು ಅವನ ಕಡೆ ಮುಖ ಮಾಡಿ ಊಳಿಡುತ್ತದೆ. ಜಲಪಾತದ ಸದ್ದು ಈಗ ಅಡುಗೆಮನೆಯ ಒಳಗೂ ಕೇಳುತ್ತದೆ. ನಾನು ಪಾತ್ರೆ ತೊಳೆಯುವುದನ್ನು ನಿಲ್ಲಿಸಿ ನಿಲ್ಲಿಸಿ ಆಲಿಸುತ್ತೇನೆ.

ಕೋಪದಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬರುವುದಿಲ್ಲ. ನೀನೇ ಹೊರಟು ಬಾ. ನನ್ನ ಮಾತಿಗೆ ಬೇಡ, ಅವನ ಮುಖ ನೋಡಿಯಾದರೂ ಹೇಳು.

ನಿನ್ನ ದಾರಿ ಕಾಯುವ ತಾಯಿ,
ಕರುಣವ್ವ

*

ಕೊಣ್ಣೂರ
ಜುಲೈ 3, 1936

ಎಲೀಯ,

ಉತ್ತರವೂ ಬರಲಿಲ್ಲ, ನೀನೂ ಬರಲಿಲ್ಲ. ಸುದ್ದಿ ಹುಕ್ಕೇರಿ ಸಂತೆಯವರ ಬಾಯಿಂದ ನಿನಗೆ ತಲುಪಿರಬಹುದು. ಆದರೂ ನನ್ನ ಕೈಯಿಂದಲೇ ಓದು.

ಮಂಗಳವಾರ ಮುಂಜಾನೆ ಬಿಸಿಲು ಬಿದ್ದಿತ್ತು. ಮಾಯಪ್ಪ ದಿಬ್ಬದ ಅಂಚಿನಲ್ಲಿ ನೆಟ್ಟ ಕೋಲನ್ನು ನೋಡಿದ. ನೀರು ಏರಿತ್ತು, ಬಣ್ಣ ಕೆಂಪಾಗಿತ್ತು. ಶೆಟ್ಟೆವ್ವನನ್ನು ಕರೆದು ಹೇಳಿದನಂತೆ: “ಅಳಿಯಾನ ಮಾತ ಆಗ್ಲಿ. ಬೀರಪ್ಪ ಆಬಾಸಾಹೇಬರ ಕೊಟ್ಟಿಗ್ಯಾಗ ಇರ್ಲಿ, ನಾವು ಕುರಿ ತಗೊಂಡ ಸತ್ತೆವ್ವನ ಹೊಲಕ್ಕ ಹೋಗೂಣು. ದೇವ್ರೇನ ಸಿಟ್ಟಾಗಾಂಗಿಲ್ಲ, ಸಣ್ಣ ಹುಡುಗ ಹಟಾ ಮಾಡಿದ್ರ ದೊಡ್ಡವ್ರ ಸೋಲಬೇಕು.”

ಕೇಳಿಸಿತೇ ಮಗನೇ? ಅವನು ನಿನ್ನ ಶರತ್ತಿಗೆ ಒಪ್ಪಿದ. ತಾನು ಹುಟ್ಟಿದಾಗಿನಿಂದ ಹಿಂಡನ್ನು ಬಿಟ್ಟಿರದ ಬುಟ್ಟಿಯನ್ನು ಶೆಟ್ಟೆವ್ವನ ತಲೆಯ ಮೇಲಿಟ್ಟು ಕಳಿಸಿದ. ಮೊಣಕಾಲುದ್ದದ ನೀರು ದಾಟಿ ಅವಳು ದಂಡೆಗೆ ಬಂದು ಕೊಟ್ಟಿಗೆಯ ಕಡೆ ನಡೆದಳು. ಗಂಟೆಯ ಸದ್ದು ಕಬ್ಬಿನೊಳಗೆ ಮರೆಯಾಯಿತು.

ಮಾಯಪ್ಪ ಹಿಂಡನ್ನು ನೀರಿಗೆ ಇಳಿಸಲು ಹೋದ. ಕುರಿಗಳು ಇಳಿಯಲಿಲ್ಲ.

ಮುಂದೆ ಬುಟ್ಟಿ ಇರಲಿಲ್ಲ. ಗಂಟೆಯ ಹಿಂದೆ ನಡೆದು ರೂಢಿಯಾದ ಕುರಿಗಳು ಆ ಸದ್ದು ಕೇಳದೆ ಒಂದಕ್ಕೊಂದು ಮುಖ ಒತ್ತಿಕೊಂಡು ದಿಬ್ಬದ ನಡುವೆ ನಿಂತುಬಿಟ್ಟವು. ಕೂಗಿದ, ಕೋಲಿನಿಂದ ತಿವಿದ, ಮುಂದಿನ ಟಗರನ್ನು ಕೊಂಬು ಹಿಡಿದು ನೀರಿಗೆ ಎಳೆದ. ಅದು ಕೊಸರಿಕೊಂಡು ಓಡಿ ಮತ್ತೆ ನಡುವೆ ಸೇರಿತು. ಇಷ್ಟು ವರ್ಷ ಕುರಿ ಕಾಯ್ದವನಿಗೆ ಇದು ಹೊಳೆಯಲಿಲ್ಲವೇ ಎಂದು ನೀನು ಕೇಳಬಹುದು. ಬುಟ್ಟಿ ಬಿಟ್ಟು ಹಿಂಡು ನಡೆಸುವ ಪ್ರಸಂಗ ಅವನ ಅಪ್ಪನ ಕಾಲದಲ್ಲೂ ಬಂದಿರಲಿಲ್ಲ.

ಅವನ ಕೂಗು ಕೇಳಿ ನಾನೂ ವೀರಪ್ಪನೂ ದಂಡೆಗೆ ಓಡಿದಾಗ ನೀರು ಅವನ ಸೊಂಟಕ್ಕಿತ್ತು. “ಅಣ್ಣಾರ, ಕುರಿ ಬಿಟ್ಟ ಬರ್ರಿ! ದಬದಬಿ ಕಡೆ ಎಳೀತೈತ್ರಿ!” ಎಂದು ವೀರಪ್ಪ ಜಲಪಾತದ ಕಡೆ ಕೈ ತೋರಿ ಅರಚಿದ. ಅಷ್ಟರಲ್ಲಿ ಶೆಟ್ಟೆವ್ವನಿಗೆ ಗೊತ್ತಾಗಿ ಬುಟ್ಟಿ ಹೊತ್ತು ಕಬ್ಬಿನ ನಡುವೆ ಓಡಿ ಬಂದಳು. ಗಂಟೆ ಬಿಚ್ಚಿ ಎರಡೂ ಕೈಯಿಂದ ಬಾರಿಸಿದಳು. ಸದ್ದು ಕೇಳಿದ್ದೇ ತಡ ಹಿಂಡೆಲ್ಲ ಒಮ್ಮೆಲೇ ತಲೆಯೆತ್ತಿ ನೀರಿಗೆ ಇಳಿಯಿತು. ಆಗ ಅಲ್ಲಿ ಮೊಣಕಾಲುದ್ದದ ನೀರು ಇರಲಿಲ್ಲ. ಮಾಯಪ್ಪ ರಾತ್ರಿಯಷ್ಟೇ ಹುಟ್ಟಿದ್ದ ಒಂದು ಮರಿಯನ್ನು ಹೆಗಲ ಮೇಲೆ ಹಾಕಿಕೊಂಡು ಅವುಗಳ ಪಕ್ಕದಲ್ಲೇ ಬರುತ್ತಿದ್ದ. ನನ್ನ ಕಡೆ ನೋಡಿದ. ಮುಂದೆ ನೀರಷ್ಟೇ ಕಂಡಿತು.

ಗುರುವಾರ ಜಲಪಾತದ ಕೆಳಗೆ ಸಿಕ್ಕ. ಕುರಿಗಳು ಇನ್ನೂ ಸಿಗುತ್ತಿವೆ.

ನಿನ್ನ ಮೇಲೆ ಸಿಟ್ಟಿಲ್ಲ ಎಂದರೆ ಸುಳ್ಳಾದೀತು. ಸಿಟ್ಟು ಇದೆ, ಹೊಟ್ಟೆಯಲ್ಲಿ ಹುಟ್ಟಿದವನೆಂಬ ಮಮತೆಯೂ ಇದೆ. ಎರಡನ್ನೂ ಒಂದೇ ಎದೆಯಲ್ಲಿ ಇಟ್ಟುಕೊಂಡು ನನಗೆ ಸಾಕಾಗಿದೆ. ನೀನು ಕೊಂದೆ ಎಂದು ಇಲ್ಲಿ ಯಾರೂ ಅನ್ನುತ್ತಿಲ್ಲ. ಹೊಳೆ ಕೊಂದಿತು ಎನ್ನುತ್ತಾರೆ. ಹಾಗೆಂದು ನೀನೂ ನಂಬಿ ನಿರುಮ್ಮಳವಾಗಿ ಮಲಗಿಬಿಟ್ಟೀಯೋ ಎಂಬುದೇ ನನ್ನ ಭಯ. ವೀರಪ್ಪ ಗೇಟಿನ ಅಗಳಿ ಕಿತ್ತು ಒಗೆದಿದ್ದಾನೆ. ನೀನು ಬಂದು ಮತ್ತೆ ಹಾಕಿಸಬೇಡ.

ಕರ್ತನು ನಿನ್ನನ್ನು ಕಾಯಲಿ. ಮೊದಲು ನಿನ್ನ ಎದೆಯನ್ನು ಮೆತ್ತಗೆ ಮಾಡಲಿ, ಆಮೇಲೆ ಕಾಯಲಿ.

ನಿನ್ನ ತಾಯಿ,
ಸತ್ತೆವ್ವ

ತಾ.ಕ.: ಒಂದು ಮಾತು ಮೇಲೆ ಬರೆಯಲು ಕೈ ಬರಲಿಲ್ಲ. ಇಂದು ಮುಂಜಾನೆ ಶೆಟ್ಟೆವ್ವ ಆಬಾಸಾಹೇಬರ ಕೊಟ್ಟಿಗೆಯಲ್ಲಿ ಉಳಿದ ಮರಿ, ಬಾಣಂತಿ ಕುರಿಗಳನ್ನು ಹೊಡೆದುಕೊಂಡು ಮಸಗುಪ್ಪಿಗೆ ಹೊರಟಳು. ಬುಟ್ಟಿ ಅವಳ ತಲೆಯ ಮೇಲಿತ್ತು. ನಮ್ಮ ಗೇಟಿನ ಮುಂದೆ ಬಂದಾಗ ನಾನು ರೂಢಿಯಂತೆ ಹೊರಗೆ ಹೋಗಿ ಸೆರಗು ಒಡ್ಡಿ ನಿಂತೆ. ಅವಳು ನಿಂತಳು. ಬೈಯಲಿಲ್ಲ, ಅಳಲೂ ಇಲ್ಲ. “ಉಡಿ ತುಂಬಾಕ ನಿನ್ನ ಮಗಾ ಅದಾನಲ್ಲವಾ. ಅವನ ಹೊಲದಾಗ ಜ್ವಾಳ ಬೇಕಾದಷ್ಟ ಬೆಳೀತಾವ” ಎಂದಳು. ಆಮೇಲೆ ಗಂಟೆಯ ಸದ್ದು ಮಸಗುಪ್ಪಿ ದಾರಿಯಲ್ಲಿ ದೂರವಾಯಿತು. ಒಡ್ಡಿದ ಸೆರಗನ್ನು ಏನು ಮಾಡಬೇಕೆಂದು ತಿಳಿಯದೆ ನಾನು ಅಲ್ಲೇ ನಿಂತಿದ್ದೆ.